ಮಾಲಿಲ್ಲದ ಅಂಗಡಿ

ಆ ವಾರ್ಡಿನಲ್ಲಿ ನೋವನ್ನು ಅಳೆಯಲು ಒಂದು ರಟ್ಟು ಇತ್ತು. ಗೇಣು ಅಗಲ, ಮೊಳದುದ್ದ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಸಾಲಾಗಿ ಆರು ದುಂಡು ಮುಖಗಳು. ಎಡತುದಿಯದು, ಅಂದರೆ ಸೊನ್ನೆ ನೋವಿನದು, ಬಾಯಿ ತುಂಬ ನಗುತ್ತಿತ್ತು. ಬಲಕ್ಕೆ ಬಂದಂತೆ ಬಾಯಿ ನೆಟ್ಟಗಾಗಿ, ಆಮೇಲೆ ಸೊಟ್ಟಗಾಗಿ, ಕಡೆಯದರ ಎರಡು ಕಣ್ಣಲ್ಲೂ ನೀರು. ಇದನ್ನು ಕಂಡುಹಿಡಿದವರು ಲೋಕಕ್ಕೆ ದೊಡ್ಡ ಉಪಕಾರ ಮಾಡಿದ್ದಾರೆಂದು ಆಸ್ಪತ್ರೆಯವರ ನಂಬಿಕೆ. ಎಲ್ಲಿಯವರೇ ಬಂದು ಮಲಗಲಿ, ಯಾವ ಭಾಷೆಯಲ್ಲೇ ನರಳಲಿ, ರಟ್ಟು ಹಿಡಿದರೆ ಸಾಕು, ತಮ್ಮ ಮುಖ ಯಾವುದೆಂದು ಬೆರಳಿಟ್ಟು ತೋರಿಸುತ್ತಾರೆ. ಮಾತಿನ ಹಂಗೇ ಇಲ್ಲ. ನಗು ಅಳು ಎಲ್ಲ ಕಡೆಯೂ ಒಂದೇ ಎಂದು ತರಬೇತಿ ಕೊಡಲು ಬಂದಿದ್ದ ಅಧಿಕಾರಿ ಹೇಳಿ, ತಾನೇ ಒಮ್ಮೆ ನಕ್ಕು ತೋರಿಸಿ ಹೋಗಿದ್ದ.

ಕಿಟಕಿ ಪಕ್ಕದ ಹಾಸಿಗೆಯ ಗುಂಡಿ ಅಜ್ಜಿ ಬೆಳಿಗ್ಗೆ ಕೇಳಿದರೂ ಸಂಜೆ ಕೇಳಿದರೂ ಮೊದಲನೇ ಮುಖದ ಮೇಲೆಯೇ ಬೆರಳಿಡುತ್ತಿದ್ದಳು.

ಅಂಗಿ, ಕೋಟುಗಳ ಗುಂಡಿ ಮಾರುವ ಅಂಗಡಿಯವಳಾದ್ದರಿಂದ ಅವಳಿಗೆ ವಾರ್ಡಿನಲ್ಲಿ ಆ ಹೆಸರು. ಆಸ್ಪತ್ರೆಯ ಗೇಟಿನಿಂದ ಇಳಿದುಹೋಗುವ ರಸ್ತೆಯ ತಿರುವಿನಲ್ಲಿ ಅಂಗಡಿ, ಅದರ ಮೇಲೆಯೇ ಮನೆ. ಮೆಟ್ಟಿಲ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮೂಳೆ ಡಾಕ್ಟರು ಸ್ಕ್ರೂ ಹಾಕಿ ಜೋಡಿಸಿದ್ದರು. ಆಪರೇಷನ್ ಚೆನ್ನಾಗಿ ಆಯಿತೆಂದು ಎಲ್ಲರೂ ಒಪ್ಪಿದ್ದರು. ಅಜ್ಜಿ ಒಪ್ಪಿದಳೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಅವಳ ಭಾಷೆ ಆ ವಾರ್ಡಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ವಾರ್ಡಿನ ಭಾಷೆ ಅವಳಿಗೆ ಬರುತ್ತಿರಲಿಲ್ಲ.

ಈ ಕಷ್ಟ ಏನೆಂದು ದೊಡ್ಡ ಸಿಸ್ಟರಿಗೆ ಗೊತ್ತಿರಬೇಕಾಗಿತ್ತು. ಅವಳೂ ಎಲ್ಲಿಂದಲೋ ಬಂದವಳೇ. ಇಲ್ಲಿಯ ಮಾತನ್ನು ರೋಗಿಗಳ ಬಾಯಿಂದ ಕಲಿತಿದ್ದಳು. ಹಾಗಾಗಿ ಮೊದಲು ಬಂದದ್ದು ಬೈಗುಳ, ಆಮೇಲೆ ದೇಹದ ಭಾಗಗಳು, ಎಲ್ಲ ಮುಗಿದ ಮೇಲೆ ವ್ಯಾಕರಣ. ಈಗ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳೆಂದರೆ, ತಾನೂ ಒಂದು ಕಾಲಕ್ಕೆ ಇದೇ ವಾರ್ಡಿನಲ್ಲಿ ಮೂಗಿಯ ಹಾಗೆ ಕೈಬಾಯಿ ಸನ್ನೆ ಮಾಡಿಕೊಂಡು ಓಡಾಡಿದ್ದು ಅವಳಿಗೇ ಮರೆತುಹೋಗಿತ್ತು. ಯಾರ ಹಾಸಿಗೆಯ ಮುಂದೆ ನಿಂತರೂ ರಟ್ಟು ಚಾಚುವಳು, ಹುಬ್ಬೇರಿಸುವಳು, ಬೆರಳು ಬಿದ್ದ ಕಡೆ ನೋಡಿ ತಲೆಯಾಡಿಸುವಳು, ಕಾಲ ಬಳಿಯ ಚೀಟಿಯಲ್ಲಿ ಬರೆಯುವಳು. ಗುಂಡಿ ಅಜ್ಜಿಯ ಚೀಟಿಯಲ್ಲಿ ಸೊನ್ನೆಯ ಕೆಳಗೆ ಸೊನ್ನೆ ಬಿದ್ದು ಸರಪಣಿಯಾಗಿತ್ತು.

ಎದುರು ಹಾಸಿಗೆಯಲ್ಲಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕಂಡಕ್ಟರಮ್ಮ ಇದ್ದಳು. ಬಹಳ ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಟ್ಟವಳು. ಯಾರು ಇಳಿಯುತ್ತಾರೆ, ಯಾರು ಹತ್ತುತ್ತಾರೆ ಎಂದು ನೋಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

“ಸಿಸ್ಟರ್, ನಿಮ್ಮ ರಟ್ಟು ಕೆಟ್ಟಿದೆ ನೋಡ್ರಿ,” ಎಂದಳು. “ಆಯಮ್ಮ ನಗೋ ಮುಖ ತೋರಿಸ್ತಾಳೆ, ತುಟಿ ಮಾತ್ರ ಕಚ್ಕೊಂಡೇ ಇರ್ತಾಳೆ.”

“ರಟ್ಟು ಹೇಗಮ್ಮ ಕೆಡುತ್ತೆ, ಅದೇನು ಗಡಿಯಾರಾನಾ?”

“ಕೆಡದೇ ಇರೋದು ಏನಿದೆ ಹೇಳಿ. ನನ್ನ ಟಿಕೆಟ್ ಮಿಷನ್ನು ವಾರಕ್ಕೊಂದು ಸಲ ಕೆಡ್ತಿತ್ತು.”

“ನಿಮಗೆ ಯಾವ ಮುಖ ಅದನ್ನ ಹೇಳಿ.”

“ನನಗೆ ಮೂರನೇದು. ಇಲ್ಲಿನ ಊಟ ನೋಡಿದ ಮೇಲೆ ನಾಲ್ಕು ಅಂತ ಬರ್ಕೊಳ್ಳಿ.” ಆಮೇಲೆ ಗುಂಡಿ ಅಜ್ಜಿಯ ಕಡೆ ಗದ್ದ ತೋರಿಸಿ, “ಜಂಬ, ಇನ್ನೇನಿಲ್ಲ. ನಮ್ಮತ್ತೆನೂ ಹೀಗೇ. ಏನಿಲ್ಲ ಏನಿಲ್ಲ ಅಂತಾನೇ ಇದ್ದು ಒಂದಿನ ಸತ್ತೇ ಹೋದಳು,” ಎಂದಳು.

ಕಂಡಕ್ಟರಮ್ಮ ಕಂಡದ್ದನ್ನು ಸರಿಯಾಗಿ ಕಂಡು, ಅರ್ಥವನ್ನು ತಪ್ಪಾಗಿ ಮಾಡಿದ್ದಳು. ದೊಡ್ಡ ಸಿಸ್ಟರು ಕಂಡದ್ದನ್ನೂ ಬಿಟ್ಟು ಅರ್ಥವನ್ನಷ್ಟೇ ತೆಗೆದುಕೊಂಡಳು. ಹೌದು, ಜಂಬದ ಮುದುಕಿಯೇ.

ಭೇಟಿಯ ಹೊತ್ತಿಗೆ ಮಗ ಬರುತ್ತಿದ್ದ. ತಲೆ ನರೆತ, ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವ ಮನುಷ್ಯ. ಇಲ್ಲಿಯ ಭಾಷೆಯನ್ನು ಅವನು ಪೇಟೆಯಲ್ಲಿ ಕಲಿತಿದ್ದ. ಇಪ್ಪತ್ತು ಬಗೆಯ ಬಿಳಿಗೆ ಇಪ್ಪತ್ತು ಹೆಸರು ಹೇಳಬಲ್ಲ. ಡಜನ್ನು, ಹನ್ನೆರಡು ಡಜನ್ನಿನ ಗುರುಸು, ಅಳತೆ, ವಾಪಸಾತಿ ಎಲ್ಲ ಬಲ್ಲ. ಒಡೆದ ಮಾಲು ಬಂದರೆ ಸಗಟು ವ್ಯಾಪಾರಿಯೊಡನೆ ಜಗಳವನ್ನೂ ಆಡಬಲ್ಲ. ಆದರೆ ತೊಡೆ, ಕೀಲು, ಉರಿ, ಸೆಳೆತ ಇವುಗಳ ಹೆಸರು ಅವನ ಅಂಗಡಿಯಲ್ಲಿ ಎಂದೂ ಬೇಕಾಗಿರಲಿಲ್ಲ.

“ಅಮ್ಮಾ, ಸಿಸ್ಟರ್ ಕೇಳ್ತಿದ್ದಾರೆ,” ಎಂದ ತಮ್ಮ ಭಾಷೆಯಲ್ಲಿ. “ನೋವಿದೆಯಾ?”

“ನೋವೇನು ನೋವು. ಗಲ್ಲಾಪೆಟ್ಟಿಗೆ ಕೀಲಿ ಎಲ್ಲಿದೆ?”

“ನಿನ್ನ ಸೊಸೆ ಹತ್ರ ಇದೆ.”

“ಅವಳ ಹತ್ರ ಯಾಕಿದೆ?”

“ಅಂಗಡೀಲಿ ಕೂತಿರೋದು ಅವಳಲ್ವೇನಮ್ಮ. ನಿನ್ನ ದಿಂಬಿನ ಕೆಳಗೆ ತಂದಿಟ್ರೆ ಗಿರಾಕಿಗೆ ಚಿಲ್ಲರೆ ಎಲ್ಲಿಂದ ಕೊಡೋದು?”

“ಇಟ್ಕೊಳ್ಳಲಿ, ಇಟ್ಕೊಳ್ಳಲಿ. ನಾನು ಬರೋವರೆಗೆ ತಾನೇ.”

ಮಗ ಸಿಸ್ಟರ ಕಡೆ ತಿರುಗಿ ಇದೆಲ್ಲದರ ಸಾರಾಂಶ ಒಪ್ಪಿಸಿದ: “ನೋವು ಇಲ್ಲ. ಅಮ್ಮ ಒಳ್ಳೇ ಕ್ವಾಲಿಟಿ.”

ರಟ್ಟು ಹೇಳಿದ್ದನ್ನೇ ಮಗನೂ ಹೇಳಿದ. ಎರಡು ಸಾಕ್ಷಿಗಳು ಒಂದೇ ಮಾತಾಡಿದ ಮೇಲೆ, ಮೂರನೆಯ ಸಾಕ್ಷಿಯಾದ ಆ ಕಚ್ಚಿದ ತುಟಿಯನ್ನು ಯಾರೂ ಕರೆಸಲಿಲ್ಲ.

ಆಸ್ಪತ್ರೆಯ ನಿಯಮ ಸರಳವಾಗಿತ್ತು. ವಾಕರ್ ಹಿಡಿದು ಬಚ್ಚಲಿನ ಬಾಗಿಲವರೆಗೆ ಹೋಗಿ ವಾಪಸು ಬರುವವರು ಮನೆಗೆ. ಬಾರದವರು ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡಕ್ಕೆ ಒಂದು ಉದ್ದವಾದ ಸರಕಾರಿ ಹೆಸರಿತ್ತು, ಯಾರೂ ಹೇಳುತ್ತಿರಲಿಲ್ಲ. ಒಳ್ಳೆಯ ಕಟ್ಟಡವೇ. ಗಾಳಿ ಬೆಳಕು ಇತ್ತು, ಎದುರಿಗೆ ಮರವಿತ್ತು, ಮರದ ಕೆಳಗೆ ಗಾಲಿಕುರ್ಚಿಗಳನ್ನು ನೆರಳು ಸರಿದಂತೆ ಸರಿಸುವವರೂ ಇದ್ದರು. ಅಲ್ಲಿಗೆ ಹೋದವರು ನಡೆದು ವಾಪಸು ಬಂದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಅಜ್ಜಿಯ ಕಿಟಕಿಯಿಂದ ಆ ಮರ, ಆ ಕುರ್ಚಿಗಳು ನೇರವಾಗಿ ಕಾಣುತ್ತಿದ್ದವು. ಅದನ್ನು ಅರ್ಥಮಾಡಿಕೊಳ್ಳಲು ಅವಳಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಆದರೂ ಅವಳು ನಡೆಯುತ್ತಿರಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಚಪ್ಪಾಳೆ ತಟ್ಟಿ, ಹುರಿದುಂಬಿಸಿ, ತಾನೇ ವಾಕರ್ ಹಿಡಿದು ಕೋಣೆಯುದ್ದ ನಡೆದು ತೋರಿಸುವಳು. ಅಜ್ಜಿ ಅವಳ ನಡಿಗೆಯನ್ನು ಗಮನವಿಟ್ಟು ನೋಡುವಳು. ತನ್ನ ಸರದಿ ಬಂದಾಗ ಕಾಲು ನೆಲಕ್ಕೆ ತಾಗುತ್ತಲೇ ಮುಖ ಬೂದಿಯಾಗಿ ಹಾಸಿಗೆಯ ಮೇಲೆ ಕುಸಿಯುವಳು. ಆ ಶುಕ್ರವಾರ ದೊಡ್ಡ ಸಿಸ್ಟರು ಒಂದು ಕಡೆ, ಹುಡುಗಿ ಒಂದು ಕಡೆ ಹಿಡಿದು ಎಬ್ಬಿಸಿದರು. ಅಜ್ಜಿ ನಿಂತಳು, ಒಂದು ಹೆಜ್ಜೆ ಎತ್ತಿದಳು, ಬೀಳುವಂತಾಗಿ ಸಿಸ್ಟರ ಕೋಟನ್ನು ಗಟ್ಟಿಯಾಗಿ ಹಿಡಿದಳು. ಗುಂಡಿಯೊಂದು ಪಟ್ಟೆಂದು ಒಡೆದು ಚಾದರದ ಮೇಲೆ ಬಿತ್ತು.

ಕೂರಿಸಿದ ಮೇಲೆ ಅಜ್ಜಿ ಮಾಡಿದ ಮೊದಲ ಕೆಲಸವೆಂದರೆ ಆ ಗುಂಡಿಯ ತುಂಡನ್ನು ಹುಡುಕಿ ತೆಗೆದದ್ದು. ಬೆಳಕಿಗೆ ಹಿಡಿದು ನೋಡಿ, ನಾಲಿಗೆಯಿಂದ ಲೊಚಗುಟ್ಟಿ, ಸಿಸ್ಟರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಕಳೆದುಕೊಳ್ಳಬೇಡ ಎನ್ನುವ ಹಾಗೆ. ಸಿಸ್ಟರು ರಟ್ಟು ಚಾಚಿದಳು. ಅಜ್ಜಿ ಮೊದಲನೇ ಮುಖವನ್ನು ಒಂದು ಸಲ ತೋರಿಸಿ, ಸಾಲದೆಂಬಂತೆ ಉಗುರಿನಿಂದ ಟಕಟಕ ಕುಟ್ಟಿ ತೋರಿಸಿದಳು. ಸಿಸ್ಟರು ತಲೆಯಾಡಿಸಿ ಸೊನ್ನೆ ಬರೆದಳು.

ಆಗಲೇ ಮೂಳೆ ಡಾಕ್ಟರು ಬಂದರು. ಅವರು ನಿಂತು ಮಾತಾಡುತ್ತಿದ್ದರೂ ನಡೆಯುತ್ತಿರುವಂತೆಯೇ ಕಾಣುತ್ತಿದ್ದರು.

“ನೋವು?”

“ಸೊನ್ನೆ ಸಾರ್.”

“ಜ್ವರ?”

“ಇಲ್ಲ ಸಾರ್. ನಾಡಿ ಸ್ವಲ್ಪ ಜೋರಿದೆ.”

“ನಡೆಯೋದು?”

“ಇಲ್ಲ ಸಾರ್.”

“ಮಗ ಏನಂತಾನೆ?”

“ನೋವಿಲ್ಲ ಅಂತಾನೇ ಹೇಳ್ತಾನೆ ಸಾರ್.”

“ಮತ್ತೇನು, ಮನಸ್ಸಿಲ್ಲ. ವಯಸ್ಸಾದ ಮೇಲೆ ಕೆಲವರು ಹಾಗೆ, ಒಂದು ಸಲ ಬಿದ್ದರೆ ಏಳೋ ಆಸೆನೇ ಹೋಗಿಬಿಡುತ್ತೆ. ಸೋಮವಾರ ಹಿಂದಿನ ಕಟ್ಟಡಕ್ಕೆ ಬರೆಯಿರಿ. ಮಗನಿಗೆ ಹೇಳಿ.”

ಮಗನಿಗೆ ಹೇಳಿದರು. ಮಗ ಅಮ್ಮನಿಗೆ ಹೇಳಿದ. ಸ್ವಲ್ಪ ದಿನ ಅಷ್ಟೇ, ಅಲ್ಲಿ ನೋಡಿಕೊಳ್ಳುವವರು ಇದ್ದಾರೆ, ನಾನು ದಿನಾ ಬರುತ್ತೇನೆ ಎಂದ. ಅಜ್ಜಿ ಕಿಟಕಿಯ ಕಡೆ ನೋಡಿದಳು.

“ಇದು ನಿನ್ನ ಹೆಂಡತಿ ಮಾತಾ?”

“ಅಲ್ಲಮ್ಮ, ಡಾಕ್ಟರ ಮಾತು.”

“ನಾನು ನಡೀತೀನಿ ಅಂತ ಹೇಳು. ಇನ್ನೆರಡು ದಿನ ಬಿಟ್ಟು ನಡೀತೀನಿ ಅಂತ ಹೇಳು. ನಾನು ಕೇಳಿದ್ದು ಬರಲಿ, ಬಂದ ತಕ್ಷಣ ನಡೀತೀನಿ.”

“ನೀನೇನು ಕೇಳಿದ್ದೆ?”

ಅಜ್ಜಿ ಅವನ ಮುಖ ನೋಡಿ ಮಾತು ನುಂಗಿದಳು. “ಏನಿಲ್ಲ. ನೀನು ಹೋಗು, ಅಂಗಡಿ ಮುಚ್ಚೋ ಹೊತ್ತಾಯ್ತು.”

ಮಗ ಹೊರಗೆ ಬಂದು ಸಿಸ್ಟರಿಗೆ, “ಅಮ್ಮ ಎರಡು ದಿನ ಟೈಮ್ ಕೇಳ್ತಾರೆ,” ಎಂದ, ಬಾಕಿ ತೀರಿಸಲು ವಾಯಿದೆ ಕೇಳುವವನ ಹಾಗೆ. ಸಿಸ್ಟರು, “ನನ್ನ ಕೈಲಿಲ್ಲಪ್ಪ,” ಎಂದಳು. ಅದು ನಿಜವೂ ಆಗಿತ್ತು.

ಭಾನುವಾರ ಅವಳಿಗೆ ಮಧ್ಯಾಹ್ನದ ಡ್ಯೂಟಿ. ಒಡೆದ ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿಕೊಂಡು ಎರಡು ದಿನ ಕಳೆದಿದ್ದಳು. ಮೇಲ್ವಿಚಾರಕಿ ಅದನ್ನು ನೋಡಿ ಏನೂ ಹೇಳದೆ ಹೋಗಿದ್ದಳು, ಹೇಳಿದ್ದರೇ ವಾಸಿಯಾಗಿತ್ತು. ಊಟ ಮುಗಿಸಿ ಬರುವಾಗ ರಸ್ತೆಯ ತಿರುವಿನ ಅಂಗಡಿಗೆ ಹೊಕ್ಕಳು. ಅಜ್ಜಿಯ ಅಂಗಡಿಯೆಂದು ಗೊತ್ತಿತ್ತು. ಮಗ ಇರಲಿಲ್ಲ, ಸೊಸೆ ಇದ್ದಳು. ಕೊರಳಲ್ಲಿ ದಾರಕ್ಕೆ ಪೋಣಿಸಿದ ಒಂದು ಕೀಲಿ ನೇತಾಡುತ್ತಿತ್ತು.

ಅಂಗಡಿ ಉದ್ದಕ್ಕಿತ್ತು, ಅಗಲವಿರಲಿಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಹಿಡಿಯಬೇಕು. ಎರಡು ಗೋಡೆಗೂ ಸೂರಿನವರೆಗೆ ಸಣ್ಣ ಸಣ್ಣ ಡಬ್ಬಿಗಳು. ಡಬ್ಬಿಗಳ ಮೇಲೆ ಬರಹವಿಲ್ಲ. ಒಳಗಿರುವ ಗುಂಡಿಯೊಂದನ್ನು ಹೊರಗೆ ಹೊಲಿದು ಅಂಟಿಸಿದ್ದರು. ಕಟ್ಟೆಯ ಮೇಲೆ ಉದ್ದನೆಯ ರಟ್ಟುಗಳು. ಒಂದೊಂದರ ಮೇಲೂ ಸಾಲಾಗಿ ಹೊಲಿದ ಗುಂಡಿಗಳು, ದುಂಡಗೆ, ಎರಡು ಕಣ್ಣಿನವು, ನಾಲ್ಕು ಕಣ್ಣಿನವು.

ಸಿಸ್ಟರ ಮುಂದೆ ಒಬ್ಬ ದರ್ಜಿ ನಿಂತಿದ್ದ. ಅವನಿಗೂ ಸೊಸೆಗೂ, ಇಬ್ಬರಿಗೂ ಬರುವಂಥ ಒಂದು ಪದವೂ ಇರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ಅವನು ಬಟ್ಟೆಯ ಚೂರನ್ನು ಕಟ್ಟೆಯ ಮೇಲಿನ ಕಪ್ಪು ಮಖಮಲ್ಲಿನ ತುಂಡಿನ ಮೇಲಿಟ್ಟ. ಆಮೇಲೆ ರಟ್ಟಿನ ಮೇಲೆ ಬೆರಳಿಟ್ಟ. ಸೊಸೆ ತಲೆಯಾಡಿಸಿದಳು, ಚೀಟಿಯಲ್ಲಿ ಗೀಚಿಕೊಂಡಳು, ಏಣಿ ಹತ್ತಿ ಡಬ್ಬಿ ಇಳಿಸಿದಳು. ಅವನು ಎಣಿಸಿಕೊಂಡು ಹೋದ.

ಸಿಸ್ಟರು ತನ್ನ ಒಡೆದ ಗುಂಡಿಯನ್ನು ತೋರಿಸಿದಳು. ಸೊಸೆ ಅದನ್ನು ತೆಗೆದುಕೊಂಡು ಮಖಮಲ್ಲಿನ ಮೇಲಿಟ್ಟು, ಬಿಳಿ ಗುಂಡಿಗಳ ರಟ್ಟನ್ನು ಅವಳ ಮುಂದೆ ಚಾಚಿ, ಹುಬ್ಬೇರಿಸಿದಳು. ಸಿಸ್ಟರು ಎಡತುದಿಯ ಬಿಳಿ ಗುಂಡಿಯ ಮೇಲೆ ಬೆರಳಿಟ್ಟಳು. ಸೊಸೆ ತಲೆಯಾಡಿಸಿ, ಚೀಟಿಯಲ್ಲಿ ಗೀಚಿಕೊಂಡು, ಒಳಗೆ ಹೋದಳು.

ಸಿಸ್ಟರು ಬೆರಳನ್ನು ಎತ್ತಲಿಲ್ಲ. ಅದನ್ನೇ ನೋಡುತ್ತ ನಿಂತಳು.

ನನ್ನ ಹತ್ತಿರ ಇರುವುದು ಮಖಮಲ್ಲಿನ ಮೇಲಿದೆ, ಒಡೆದು. ಬೆರಳು ತೋರಿಸುತ್ತಿರುವುದು ನನಗೆ ಬೇಕಾದದ್ದನ್ನು. ಒಂದು ಜೀವಮಾನವಿಡೀ ಇಂಥ ರಟ್ಟಿನ ಹಿಂದೆ ಕೂತ ಆ ಅಜ್ಜಿಯ ಮುಂದೆ ದುಂಡು ಮುಖಗಳ ರಟ್ಟು ಚಾಚಿ, ಹುಬ್ಬೇರಿಸಿ, ತಲೆಯಾಡಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಬೆಳಿಗ್ಗೆ ಬರೆದುಕೊಂಡೆ, ಸಂಜೆ ಬರೆದುಕೊಂಡೆ. ಒಂದು ದಿನವೂ ಕೇಳಿದ್ದನ್ನು ತಂದುಕೊಡಲಿಲ್ಲ.

ಸೊಸೆ ಗುಂಡಿಯೊಂದಿಗೆ ಬಂದಾಗ ಗಿರಾಕಿಯ ಮುಖ ನೋಡಿ, ಬಣ್ಣ ಸರಿಹೋಗಲಿಲ್ಲವೇನೋ ಎಂದುಕೊಂಡು ಬೇರೆ ರಟ್ಟು ತೆಗೆಯಲು ಹೋದಳು. ಸಿಸ್ಟರು ತಡೆದಳು. ಹೊಸ ಗುಂಡಿಯ ಜೊತೆ ಆ ಕಪ್ಪು ಮಖಮಲ್ಲಿನ ತುಂಡನ್ನೂ ಕೈಮಾಡಿ ಕೇಳಿದಳು. ಸೊಸೆಗೆ ಯಾಕೆಂದು ಅರ್ಥವಾಗಲಿಲ್ಲ. ಕೊಟ್ಟಳು.

ಡ್ಯೂಟಿಗೆ ಇನ್ನೂ ಹೊತ್ತಿತ್ತು. ಸಿಸ್ಟರು ನೇರ ವಾರ್ಡಿಗೆ ಹೋಗಿ, ಅಜ್ಜಿಯ ಊಟದ ಮೇಜನ್ನು ಹಾಸಿಗೆಗೆ ಅಡ್ಡ ಎಳೆದು, ಅದರ ಮೇಲೆ ಮಖಮಲ್ಲು ಹಾಸಿದಳು. ಅಜ್ಜಿ ಅದನ್ನು ಗುರುತಿಸಿ ಮುಟ್ಟಿದಳು. ಅಂಚಿನ ಹೊಲಿಗೆ ಅವಳದೇ. ಸಿಸ್ಟರು ತನ್ನ ಒಡೆದ ಗುಂಡಿಯನ್ನು ಅದರ ಮೇಲಿಟ್ಟು, ತನ್ನ ಎದೆಯ ಪಿನ್ನನ್ನು ತೋರಿಸಿದಳು. ಇದು ನನ್ನ ಹತ್ತಿರ ಇರುವುದು. ಆಮೇಲೆ ಗುಂಡಿ ತೆಗೆದಳು. ಆರು ಮುಖಗಳ ರಟ್ಟನ್ನು ಮುಂದಿಟ್ಟು, ಅಜ್ಜಿಯ ತೊಡೆಯ ಮೇಲೆ ಅಂಗೈಯನ್ನು ಮೆಲ್ಲಗೆ ಇರಿಸಿ, ಖಾಲಿ ಮಖಮಲ್ಲನ್ನು ತೋರಿಸಿದಳು.

ಅಜ್ಜಿ ಖಾಲಿ ಬಟ್ಟೆಯನ್ನು ನೋಡಿದಳು. ಸಿಸ್ಟರ ಮುಖ ನೋಡಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು, ಮಗ ಇದ್ದಾನೆಯೇ ಎಂಬಂತೆ. ಕಡೆಗೆ ಬೆರಳೆತ್ತಿ ಕೊನೆಯ ಮುಖದ ಮೇಲಿಟ್ಟಳು. ಎರಡು ಕಣ್ಣಲ್ಲೂ ನೀರಿರುವುದರ ಮೇಲೆ. ಅದನ್ನು ಅಲ್ಲಿಯೇ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೊದಲನೇ ಮುಖವನ್ನು ತೋರಿಸಿದಳು.

ಕಂಡಕ್ಟರಮ್ಮ ಎದುರಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

ಭಾನುವಾರದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ದೊಡ್ಡ ಡಾಕ್ಟರು ಬರೆದದ್ದನ್ನು ತಿದ್ದುವ ಧೈರ್ಯದವರಲ್ಲ.

“ನೋವು ಸೊನ್ನೆ ಅಂತ ಇದೆಯಲ್ಲ ಸಿಸ್ಟರ್. ನಿಮ್ಮದೇ ಅಕ್ಷರ.”

“ನನ್ನದೇ. ತಪ್ಪು ಬರೆದಿದ್ದೀನಿ.”

“ಎಲ್ಲಾ ದಿನಾನೂ?”

“ಎಲ್ಲಾ ದಿನಾನೂ. ನೋವಿಗೆ ಇಂಜೆಕ್ಷನ್ ಬರೆಯಿರಿ, ಎಕ್ಸರೇಗೆ ಬರೆಯಿರಿ. ನಾಳೆ ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.”

ಅವರು ಬರೆದರು. ಎಕ್ಸರೇಯಲ್ಲಿ, ಮೂಳೆಯ ತಲೆಯೊಳಗೆ ಕೂತಿರಬೇಕಾದ ಸ್ಕ್ರೂ ಅದನ್ನು ಸೀಳಿಕೊಂಡು ಹೊರಗೆ ಚುಚ್ಚಿ ನಿಂತಿದ್ದು ಯಾರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಆ ಕಾಲಿನ ಮೇಲೆ ಅವಳು ನಿಂತದ್ದೇ ಆಶ್ಚರ್ಯ. ಅವಳನ್ನು ಅದರ ಮೇಲೆ ನಿಲ್ಲಿಸಿದವರಿಗೆ ಅದನ್ನು ನೋಡುವುದೇ ಕಷ್ಟವಾಯಿತು. ವ್ಯಾಯಾಮದ ಹುಡುಗಿ ಫಿಲ್ಮು ನೋಡಿ ವಾಕರನ್ನು ಎತ್ತಿ ಮೂಲೆಗಿಟ್ಟಳು.

ಇಂಜೆಕ್ಷನ್ ಹತ್ತಿದ ಮೇಲೆ ಅಜ್ಜಿಯ ತುಟಿ ಹಲ್ಲಿನಿಂದ ಬಿಡಿಸಿಕೊಂಡಿತು. ಅಲ್ಲಿ ಒಂದು ಗಾಯವಾಗಿತ್ತು.

ಎರಡನೇ ಆಪರೇಷನ್ನಿಗೆ ಒಪ್ಪಿಗೆ ಬೇಕಿತ್ತು, ಒಪ್ಪಿಗೆಗೆ ದುಭಾಷಿ ಬೇಕಿತ್ತು. ಎಷ್ಟೋ ಆಸ್ಪತ್ರೆಗಳಿಗೆ ಅವನೊಬ್ಬನೇ. ಸಹಿಯ ಹೊತ್ತಿಗೆ ಬಂದು ಸಹಿಯಾದ ಮೇಲೆ ಹೋಗುವವನು. ರೋಗಿ ಅತ್ತರೆ “ರೋಗಿ ಅಳುತ್ತಿದ್ದಾರೆ” ಎಂದು ಭಾಷಾಂತರಿಸುವಷ್ಟು ಪ್ರಾಮಾಣಿಕ. ಸೋಮವಾರ ಹಿಂದಿನ ಕಟ್ಟಡದ ಗಾಡಿ ಬರಬೇಕಾಗಿದ್ದ ಹೊತ್ತಿಗೆ ಅವನು ಬಂದ. ಮೂಳೆ ಡಾಕ್ಟರು, ಮಗ, ದೊಡ್ಡ ಸಿಸ್ಟರು ಹಾಸಿಗೆಯ ಸುತ್ತ ನಿಂತರು.

ಡಾಕ್ಟರು ಹೇಳಬೇಕಾದದ್ದನ್ನು ಹೇಳಿದರು: ಸ್ಕ್ರೂ ಜಾರಿದೆ, ತೆಗೆದು ಲೋಹದ ಕೀಲು ಕೂರಿಸಬೇಕು, ಈ ವಯಸ್ಸಿನಲ್ಲಿ ಎರಡನೇ ಸಲ ಅರಿವಳಿಕೆ ಕೊಟ್ಟರೆ ಹೃದಯ ತಡೆಯದೆಯೂ ಹೋಗಬಹುದು. ಇಂಥ ತೊಡಕು ಕೆಲವರಲ್ಲಿ ಸಾಮಾನ್ಯವಾಗಿ ಆಗುವಂಥದು ಎಂದೂ ಸೇರಿಸಿದರು. ದುಭಾಷಿ ಒಂದಕ್ಷರ ಬಿಡದೆ ದಾಟಿಸಿದ.

“ನಂದೂ ಒಂದು ಮಾತಿದೆ,” ಎಂದಳು ದೊಡ್ಡ ಸಿಸ್ಟರು. “ನೀವು ದಿನಾ ನೋವು ಕಮ್ಮಿ ಮಾಡಿ ಅಂತ ಕೇಳ್ತಿದ್ರಿ. ನೋವೇ ಇಲ್ಲ ಅಂತೀರಿ ಅಂದ್ಕೊಂಡು ನಾನು ಹಾಗೇ ಬರೆದೆ. ಮುಂಚೆನೇ ಅರ್ಥ ಮಾಡ್ಕೊಂಡಿದ್ರೆ ಮುಂಚೆನೇ ಎಕ್ಸರೇ ಆಗ್ತಿತ್ತು. ತಪ್ಪು ನಂದು. ಹೀಗಂತ ಹೇಳಿ.”

ದುಭಾಷಿ ಡಾಕ್ಟರ ಕಡೆ ನೋಡಿದ. “ಇದನ್ನು ಹೇಳಲೇಬೇಕಾ? ಸಾಮಾನ್ಯವಾಗಿ ಇಂಥದ್ದು ಹೇಳೋ ಪದ್ಧತಿ ಇಲ್ಲ.”

ಡಾಕ್ಟರು ಎಕ್ಸರೇಯನ್ನು ಇನ್ನೊಮ್ಮೆ ಕಿಟಕಿಗೆ ಹಿಡಿದು ನೋಡುವುದರಲ್ಲಿ ಮಗ್ನರಾದರು.

“ಹೇಳಿ,” ಎಂದಳು ಸಿಸ್ಟರು.

ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಮಾತಾಡಿದಳು. ದುಭಾಷಿ ಅವಳ ಮಾತಿನ ಹಿಂದೆ ಹಿಂದೆಯೇ ಬಂದ.

“ರೋಗಿ ಹೇಳುತ್ತಾರೆ: ನಾನು ಕೇಳಿದೆ, ಈಕೆ ಬರೆದುಕೊಂಡಳು. ಬರೆದುಕೊಂಡ ಮೇಲೆ ಬರುತ್ತೆ ಅಂತ ಕಾದೆ. ಬರಲಿಲ್ಲ. ಇವರ ಅಂಗಡಿಯಲ್ಲಿ ಆ ಮಾಲು ಇಲ್ಲ ಅಂದುಕೊಂಡೆ. ನಾವೂ ಮಾಲಿಲ್ಲದಿದ್ದರೆ ಇಲ್ಲ ಅನ್ನೋದಿಲ್ಲ, ಬರುತ್ತೆ ಅಂತೀವಿ. ಇಲ್ಲ ಅನ್ನೋಕೆ ಈಕೆಗೂ ನಾಚಿಕೆ ಇರಬೇಕು, ಪಾಪ, ಒಳ್ಳೇ ಹೆಂಗಸು, ದಿನಾ ಬಂದು ಕೇಳ್ತಾಳೆ. ಜೋರು ಮಾಡೋದು ಬೇಡ ಅಂತ ಸುಮ್ಮನಿದ್ದೆ.”

ಸಿಸ್ಟರು ಹಾಸಿಗೆಯ ಕಂಬಿ ಹಿಡಿದುಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು; ಬೈಗುಳ ಅವಳಿಗೆ ಎಲ್ಲಕ್ಕಿಂತ ಮೊದಲು ಬಂದ ವಿದ್ಯೆ.

ಮಗ ಅಮ್ಮನ ಕಡೆ ಬಾಗಿದ. “ನನಗ್ಯಾಕಮ್ಮ ಹೇಳಲಿಲ್ಲ? ದಿನಾ ಕೇಳ್ತಿದ್ನಲ್ಲ.”

“ನಿನಗೆ ಹೇಳಿದ್ರೆ ನೀನು ಅವಳಿಗೆ ಹೇಳ್ತೀಯ. ಅತ್ತೆ ಕಥೆ ಮುಗೀತು ಅಂತ ಅವಳು ಕೀಲಿ ಇಟ್ಕೊಂಡುಬಿಡ್ತಾಳೆ.”

“ಸೊಸೆ ಕೀಲಿ ಇಟ್ಟುಕೊಳ್ಳುತ್ತಾಳೆ ಎಂದು ರೋಗಿ ಹೇಳುತ್ತಾರೆ,” ಎಂದ ದುಭಾಷಿ.

“ಯಾವ ಕೀಲಿ?” ಎಂದರು ಡಾಕ್ಟರು.

ಅಜ್ಜಿ ಕಿಟಕಿಯಾಚೆಯ ಮರದ ಕಡೆ ಕೈ ತೋರಿಸಿ ಒಂದೇ ಒಂದು ಪ್ರಶ್ನೆ ಕೇಳಿದಳು.

“ಇದಾದ ಮೇಲೆ ಮನೆಗೋ ಅಲ್ಲಿಗೋ ಎಂದು ರೋಗಿ ಕೇಳುತ್ತಾರೆ.”

“ನಡೆದರೆ ಮನೆಗೆ,” ಎಂದರು ಡಾಕ್ಟರು. ಈ ಸಲ ಅವರು ನಿಂತೇ ಮಾತಾಡಿದರು. “ನಡೀಬಹುದು. ಆದರೆ ಮೊದಲಿನ ಹಾಗಲ್ಲ. ಮೂಳೆ ಸವೆದಿದೆ, ಕಾಲು ಸ್ವಲ್ಪ ಗಿಡ್ಡವಾಗುತ್ತೆ. ಏಣಿ ಹತ್ತೋದು, ಮೆಟ್ಟಿಲು ಹತ್ತೋದು ಇನ್ನಿಲ್ಲ.”

ಅಜ್ಜಿ ಸಹಿ ಹಾಕಿದಳು. ಪೆನ್ನು ವಾಪಸು ಕೊಡುವ ಮೊದಲು ಅದರ ಮುಚ್ಚಳ ಹಾಕಿಕೊಟ್ಟಳು, 'ಕಟ್ಟೆಯ ಮೇಲೆ ಯಾವುದನ್ನೂ ತೆರೆದಿಡಬಾರದು' ಎನ್ನುವವಳ ಹಾಗೆ.

ಆಪರೇಷನ್ನನ್ನು ಹೃದಯ ತಡೆದುಕೊಂಡಿತು. ಆಮೇಲಿನ ದಿನಗಳು ಸುಲಭದವೇನಲ್ಲ. ಈಗ ಸಿಸ್ಟರು ಬಂದರೆ ಮೊದಲು ಮಖಮಲ್ಲು ಹಾಸುವಳು. ಅಜ್ಜಿ ಇರುವುದನ್ನು ತೋರಿಸುವಳು: ಐದನೆಯದು, ಕೆಲವು ದಿನ ಆರನೆಯದು, ಆಮೇಲಾಮೇಲೆ ನಾಲ್ಕು. ಬೇಕಾದದ್ದು ಯಾವಾಗಲೂ ಮೊದಲನೆಯದೇ. ಅದು ಪೂರ್ತಿಯಾಗಿ ಎಂದೂ ಸಿಗಲಿಲ್ಲ; ಎರಡನೆಯದರವರೆಗೆ ಬರುತ್ತಿತ್ತು. ಬಂದಷ್ಟು ಬಂತು ಎನ್ನುವಂತೆ ಅಜ್ಜಿ ಕಣ್ಣು ಮುಚ್ಚುವಳು. ಕಂಡಕ್ಟರಮ್ಮ ಮನೆಗೆ ಹೋಗುವ ದಿನ ಎಡಗೈಯಲ್ಲಿ ಅವಳ ಭುಜ ತಟ್ಟಿ, “ನಿಮ್ಮನ್ನ ಜಂಬದವಳು ಅಂದಿದ್ದೆ, ಮನಸ್ಸಿಗೆ ಹಚ್ಕೋಬೇಡಿ,” ಎಂದು ತನ್ನ ಭಾಷೆಯಲ್ಲೇ ಹೇಳಿದಳು. ಅಜ್ಜಿ ತಲೆಯಾಡಿಸಿದಳು. ಗೊತ್ತಾಯಿತೋ, ವ್ಯಾಪಾರದ ಮರ್ಯಾದೆಯೋ ಹೇಳಲಾಗದು.

ಒಂದು ಬೆಳಿಗ್ಗೆ ಅವಳು ವಾಕರ್ ಹಿಡಿದು ಬಚ್ಚಲಿನ ಬಾಗಿಲವರೆಗೆ ಹೋದಳು. ಒಂದು ಕಾಲು ನೆಲ ಮುಟ್ಟುವಾಗ ಇಡೀ ಮೈ ಒಂದು ಕಡೆ ಇಳಿದು ಮತ್ತೆ ಏಳುತ್ತಿತ್ತು. ಅಲ್ಲಿ ಬಾಗಿಲನ್ನು ಅಂಗೈಯಿಂದ ಮುಟ್ಟಿ, ತಿರುಗಿ, ವಾಪಸು ಬಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವ್ಯಾಯಾಮದ ಹುಡುಗಿ ಆ ಅಭ್ಯಾಸವನ್ನೇ ಬಿಟ್ಟಿದ್ದಳು.

ಕರೆದುಕೊಂಡು ಹೋಗಲು ಮಗನ ಜೊತೆ ಸೊಸೆಯೂ ಬಂದಳು. ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿ ಬಂದಿದ್ದಾಳೆಂದು ಅಜ್ಜಿಗೆ ಅವಳನ್ನು ಕಂಡಕೂಡಲೇ ತಿಳಿಯಿತು, ಮುಖ ಗಂಟುಹಾಕಿದಳು.

“ಗಿರಾಕಿ ಬಂದು ಬಾಗಿಲು ನೋಡಿಕೊಂಡು ಹೋಗ್ತಾರೆ.”

“ಹೋದರೆ ನಾಳೆ ಬರ್ತಾರೆ ಅತ್ತೆ,” ಎಂದಳು ಸೊಸೆ. “ಅಂಗಡಿ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೀನಿ. ಮೆಟ್ಟಿಲು ಹತ್ತೋದು ಬೇಡ, ಅಲ್ಲೇ ಮಲಗಿ.” ಎನ್ನುತ್ತ ಕೊರಳಿನ ದಾರ ಬಿಚ್ಚಿ ಕೀಲಿಯನ್ನು ಅತ್ತೆಯ ಮುಂದೆ ಹಿಡಿದಳು.

ಅಜ್ಜಿ ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ಬೀಳ್ಕೊಡಲು ಬಂದಿದ್ದ ದೊಡ್ಡ ಸಿಸ್ಟರ ಕೋಟಿನ ಮೇಲಿತ್ತು. ಕೈಚಾಚಿ ಹೊಸ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಪಕ್ಕದ ಗುಂಡಿಯನ್ನು ನೋಡಿ, ಮತ್ತೆ ಇದನ್ನು ನೋಡಿದಳು.

“ಇದನ್ನ ಕೊಟ್ಟಿದ್ದು ಯಾರು?”

“ನಾನೇ.”

“ಯಾವ ಡಬ್ಬಿಯಿಂದ?”

“ಮೇಲಿನ ಸಾಲು, ಎಡಗಡೆ. ಇವರೇ ಬೆರಳಿಟ್ಟು ತೋರಿಸಿದ್ದು.”

“ಅದು ಅಂಗಿಯದು, ಕೋಟಿಗೆ ಹಾಕೋದಲ್ಲ. ತೋರಿಸಿದ್ದನ್ನೇ ಕೊಟ್ಟುಬಿಡೋದಾ? ಏನಕ್ಕೆ ಬೇಕು ಅಂತ ನೋಡಬೇಡವಾ?” ಗುಂಡಿಯನ್ನು ಬಿಟ್ಟಳು. ಸ್ವಲ್ಪ ಹೊತ್ತು ತನ್ನ ಗಿಡ್ಡವಾದ ಕಾಲನ್ನು ನೋಡಿದಳು. “ಕೀಲಿ ನಿನ್ನ ಹತ್ರಾನೇ ಇರಲಿ. ಏಣಿ ಹತ್ತೋಳು ನೀನು. ಯಾವ ಡಬ್ಬಿ ಅಂತ ಮಾತ್ರ ನನ್ನ ಕೇಳು.”

“ಹೂಂ ಅತ್ತೆ.”

ಅಜ್ಜಿ ವಾಕರ್ ಹಿಡಿದು ಎದ್ದಳು. ಒಂದು ಹೆಜ್ಜೆ ಇಟ್ಟು, ಇನ್ನೊಂದು ಇಡುವ ಮುಂಚೆ ನಿಂತು ಉಸಿರು ಎಳೆದುಕೊಂಡಳು.

“ನೋವಿದೆಯಾ ಅಮ್ಮ?” ಎಂದ ಮಗ, ಎಂದಿನ ಹಾಗೆ.

ಅಜ್ಜಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು.

“ಇದೆ,” ಎಂದಳು.

ಮಗ ಸಿಸ್ಟರ ಕಡೆ ತಿರುಗಿದ. ಅಮ್ಮನ ಮಾತನ್ನು ದಾಟಿಸುವುದು ಅವನಿಗೆ ರೂಢಿಯಾಗಿತ್ತು. ಆದರೆ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿಯ ಭಾಷೆಯಲ್ಲಿ ‘ಇದೆ’ ಎಂಬ ಆ ಪದವನ್ನು ಅವನು ಅಂಗಡಿಯ ಮಾಲಿನ ವಿಷಯಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎಂದೂ ಬಳಸಿರಲಿಲ್ಲ.

“ನೋವು,” ಎಂದ. “ಅಮ್ಮನಿಗೆ ನೋವು ಇದೆ.”

“ಗೊತ್ತು,” ಎಂದಳು ದೊಡ್ಡ ಸಿಸ್ಟರು. ಹೋಗಿ ಮಾತ್ರೆಯ ಪೊಟ್ಟಣ ತಂದು ಅಜ್ಜಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.